ಮೈಕ್ ನಾಗಣ್ಣನ ಆರೋಗ್ಯ ಪ್ರಕಟಣೆ

ಮೈಕ್ ಕೈಯಲ್ಲಿಲ್ಲದಾಗ ನಾಗಣ್ಣನವರ ಮಾತು ಕೇಳಬೇಕಾದರೆ ಹತ್ತಿರ ಹೋಗಿ ತಲೆ ಬಗ್ಗಿಸಬೇಕಿತ್ತು. ಹೋಟೆಲಿನಲ್ಲಿ ಕಾಫಿ ಬೇಕಾದರೆ ಬೆರಳು ಎತ್ತುತ್ತಿದ್ದರು. ಮನೆಯಲ್ಲಿ ಹೆಂಡತಿಯನ್ನು ಕರೆಯಲು ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದರು. ದುಡಿಯುವ ಎತ್ತನ್ನು ನೋಡಿಕೊಳ್ಳುವ ಹಾಗೆ ಗಂಟಲನ್ನು ನೋಡಿಕೊಳ್ಳುತ್ತಿದ್ದರು. ಆಟೋದಲ್ಲಿ ಸದಾ ಓಮದ ಬಿಸಿನೀರು ತುಂಬಿದ ಫ್ಲಾಸ್ಕ್ ಇರುತ್ತಿತ್ತು. ಅದೇ ಮನುಷ್ಯ ಮೈಕ್ ಹಿಡಿದು ‘ಮಹಾಜನಗಳೇ’ ಎಂದರೆ ಹಿಂದೂಪುರದ ನೇಕಾರರ ಬೀದಿಯಲ್ಲಿ ಮಗ್ಗಗಳ ಸ್ವಿಚ್ಚು ಆರುತ್ತಿತ್ತು. ಏನೋ ಸುದ್ದಿಯಿದೆ, ಕೇಳಿಬಿಡೋಣ ಎಂದು ಜನ ಬಾಗಿಲಿಗೆ ಬರುತ್ತಿದ್ದರು.

ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಊರೂರು ಸುತ್ತಿ ಪ್ರಕಟಣೆ ಓದುವುದು ಅವರ ಕಸುಬು. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. ಪ್ರತಿಯೊಂದಕ್ಕೂ ಒಂದು ತಲೆಬರಹ ಇರುತ್ತಿತ್ತು. ಸತ್ತವರ ಸುದ್ದಿಯಾದರೆ ‘ಮರಣ ಪ್ರಕಟಣೆ’, ನಲ್ಲಿ ಬಿಡುವ ಸಮಯವಾದರೆ ‘ನೀರಿನ ಪ್ರಕಟಣೆ’, ಪೋಲಿಯೊ ಹನಿಯೋ ಕಣ್ಣಿನ ತಪಾಸಣೆಯೋ ಆದರೆ ‘ಆರೋಗ್ಯ ಪ್ರಕಟಣೆ’. ಈ ಕೊನೆಯದನ್ನು ಕೇಳಿದರೆ ತಾಯಂದಿರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹೊರಗೆ ಬರುತ್ತಿದ್ದರು. ಕೊರೊನಾ ತಿಂಗಳುಗಳಲ್ಲಿ ಲಸಿಕೆಗೆ ಹೆದರಿ ಕದ ಹಾಕಿಕೊಂಡಿದ್ದ ಓಣಿಗಳು ಅವರ ದನಿಗೆ ಕದ ತೆರೆದದ್ದನ್ನು ನಾನೇ ವರದಿ ಮಾಡಿದ್ದೆ. ಆಗ ನಾನು ಹಿಂದೂಪುರದಲ್ಲಿ ಕನ್ನಡ ಪತ್ರಿಕೆಯೊಂದರ ವರದಿಗಾರ.

ಬಾಯಿಮಾತಿನಲ್ಲಿ ಹೇಳಿದ್ದನ್ನು ನಾಗಣ್ಣ ಎಂದೂ ಓದುತ್ತಿರಲಿಲ್ಲ. ಬರೆದ ಚೀಟಿ ಬೇಕು, ಕೆಳಗೆ ಕೊಟ್ಟವರ ಸಹಿ ಬೇಕು. ಓದಿದ ಮೇಲೆ ಆ ಚೀಟಿಯನ್ನು ಆಟೋದೊಳಗೆ ನೇತು ಹಾಕಿದ್ದ ತಂತಿಗೆ ಚುಚ್ಚುತ್ತಿದ್ದರು. “ಮಾತು ಅವ್ರುದ್ದು, ಗಂಟ್ಲು ನಂದು. ಚೀಟೀಲಿ ಇಲ್ದಿದ್ದು ಒಂದಕ್ಸರ ಸೇರ್ಸಲ್ಲ, ಇದ್ದಿದ್ದು ಒಂದಕ್ಸರ ಬುಡಲ್ಲ” ಎನ್ನುವರು. ನಾವು ಪತ್ರಿಕೆಯವರು ಸಭೆಗಳಲ್ಲಿ ಹೇಳಿಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ಅವರ ಬಗ್ಗೆ ನನಗೆ ಗೌರವವಿತ್ತು.

ಒಂದು ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷದ ಚೀಟಿ ಓದಿದ್ದರು, ಮಧ್ಯಾಹ್ನ ಅದೇ ಬೀದಿಯಲ್ಲಿ ಎದುರು ಪಕ್ಷದ್ದು. ಎರಡಕ್ಕೂ ಒಂದೇ ಆವೇಶ. ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಹೆಂಗಸೊಬ್ಬಳು ಕೂಗಿದಳು:

“ಏಮಪ್ಪಾ ನಾಗಣ್ಣಾ, ಬೆಳಿಗ್ಗೆ ಅವ್ನು ದೇವ್ರು ಅಂದೆ, ಈಗ ಇವ್ನು ದೇವ್ರು ಅಂತೀಯ. ನಿನ್ ಓಟು ಯಾರ್ಗೆ?”

ನಾಗಣ್ಣ ಅಂಗೈಯಿಂದ ಮೈಕ್ ಮುಚ್ಚಿ, “ನನ್ತಾವ ಓಟೆಲ್ಲೈತೆ ಕಣಮ್ಮಾ, ಚೀಟಿ ಅಷ್ಟೇ ಇರೋದು” ಎಂದರು. ಬೀದಿಯೆಲ್ಲ ನಕ್ಕಿತು.

ಮುಂದೆ ಅವರು ಪ್ರಕಟಣೆಗಳನ್ನು ಮೊಬೈಲಿನಲ್ಲೂ ಹಾಕತೊಡಗಿದರು. ಸಾಮಾಜಿಕ ಜಾಲತಾಣವೊಂದರಲ್ಲಿ ಪುಟ ತೆರೆದರು. ವಿಡಿಯೊದಲ್ಲಿ ಮುಖ ಕಾಣುತ್ತಿರಲಿಲ್ಲ. ಆಟೋದ ಹಾರ್ನಿನ ಚಿತ್ರ, ಅದರ ಹಿಂದೆ ದನಿ, ಅಷ್ಟೇ. ರೊದ್ದಂ, ಸೋಮಂದೇಪಲ್ಲಿಗಳಲ್ಲಿ, ಕಲ್ಯಾಣದುರ್ಗದ ಕಡೆಯ ಹಳ್ಳಿಗಳಲ್ಲಿ ಜನ ಅದನ್ನು ಗುಂಪಿನಿಂದ ಗುಂಪಿಗೆ ದಾಟಿಸಿದರು.

ಜಾಲತಾಣದವರ ಜೊತೆ ಮೊದಲ ಜಗಳ ನೀರಿನ ವಿಷಯಕ್ಕೆ ಆಯಿತು. ಒಂದು ಬಡಾವಣೆಯ ನಲ್ಲಿಯಲ್ಲಿ ಕೆಂಪು ನೀರು ಬಂತು. ಕಾಯಿಸದೆ ಕುಡಿಯಬೇಡಿ, ವಾಂತಿಭೇದಿ ಆಗುತ್ತಿದೆ ಎಂದು ಬಡಾವಣೆಯವರು ಬರೆದುಕೊಟ್ಟ ಚೀಟಿಯನ್ನು ನಾಗಣ್ಣ ಓದಿ ಹಾಕಿದರು. ಸಂಜೆಗೆ ಅದು ಮಾಯ. ಖಚಿತಪಡದ ಆರೋಗ್ಯ ಮಾಹಿತಿ ಎಂಬ ಕಾರಣ ಕೊಟ್ಟಿದ್ದರು. ಪ್ರಕಟಣೆಯ ಮಾತು ನಿಜವಾಗಿತ್ತು. ವಾರದ ನಂತರ ವಿಡಿಯೊ ವಾಪಸ್ ಬಂತು. ಅಷ್ಟರಲ್ಲಿ ಆ ಬಡಾವಣೆಯ ಅರ್ಧ ಜನ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡಿದ್ದರು. ನಮ್ಮ ಕನ್ನಡ ತೆಲುಗು ಬೆರೆತ ಮಾತನ್ನು ಅಲ್ಲಿ ಯಾರು ಕೇಳಿದರು, ಯಂತ್ರವೋ ಮನುಷ್ಯರೋ, ತಿಳಿಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಹೊರಗಿನಿಂದ ಬಂದ ಮನುಷ್ಯನೊಬ್ಬ ಚೀಟಿ ಕೊಟ್ಟ. ಸಕ್ಕರೆ ಕಾಯಿಲೆಗೆ ಬೇರಿನ ಪುಡಿಯಿದೆ, ನಲವತ್ತೊಂದು ದಿನ ಬಿಡದೆ ತಿನ್ನಬೇಕು, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟರೆ ಮಾತ್ರ ಅದು ಹಿಡಿಯುತ್ತದೆ ಎಂದು ಬರೆದಿತ್ತು. ನಾಗಣ್ಣ ಸಹಿ ಹಾಕಿಸಿಕೊಂಡರು, ಓದಿದರು, ಮೊಬೈಲಿಗೂ ಹಾಕಿದರು, ಚೀಟಿಯನ್ನು ತಂತಿಗೆ ಚುಚ್ಚಿದರು. ಎರಡು ದಿನದಲ್ಲಿ ಜಾಲತಾಣದವರು ಆ ವಿಡಿಯೊವನ್ನು ತೆಗೆದರು.

ಬಸ್ ನಿಲ್ದಾಣದ ಎದುರಿನ ನಮ್ಮ ಕಚೇರಿಗೆ ಅವರು ಬಂದದ್ದು ಮರುದಿನ. ನಾನು ಎಂದಿನಂತೆ ಬಗ್ಗಿ ಕೇಳಿಸಿಕೊಂಡೆ.

“ಅವತ್ತು ನೀರಿಂದು ತೆಗುದ್ರು, ಇವತ್ತು ಇದು. ನಮ್ಮೂರ್ ಮಾತೇ ತಿಳೀದೋರು ನನ್ ಬಾಯ್ಗೆ ಬೀಗ ಹಾಕ್ತಾರಲ್ಲ ಸಾರ್, ಅವ್ರ್ ಯಾರು?”

“ಆ ಪುಡಿಯಿಂದ ವಾಸಿ ಆಗುತ್ತಾ ನಾಗಣ್ಣ?”

“ಅದು ಚೀಟಿ ಕೊಟ್ಟೋನ್ನ ಕೇಳ್ರಿ. ಇಷ್ಟ ಇದ್ದೋರು ತಗೋತಾರೆ, ಇಲ್ದೋರು ಬುಡ್ತಾರೆ. ಹೇಳೋಕೂ ಬ್ಯಾಡ ಅಂದ್ರೆ ಹೆಂಗೆ?”

ತಪ್ಪು ಮಾತಿಗೆ ಇನ್ನೊಂದು ಮಾತಿನಲ್ಲಿ ಉತ್ತರ ಕೊಡಬೇಕು, ಎಲ್ಲೋ ಕೂತವರು ವಿಚಾರಿಸದೆ ಅಳಿಸಬಾರದು ಎಂದು ನಾನು ನಂಬಿದ್ದೆ. ಈಗಲೂ ಆ ನಂಬಿಕೆಯನ್ನು ಪೂರ್ತಿ ಬಿಟ್ಟಿಲ್ಲ. ನಾಗಣ್ಣನವರಿಗೆ ಇಂಗ್ಲಿಷ್ ಬಾರದು. ಜಾಲತಾಣಕ್ಕೆ ಮೇಲ್ಮನವಿಯನ್ನು ಅವರ ಹೆಸರಿನಲ್ಲಿ ನಾನೇ ಬರೆದೆ. ನೀರಿನ ಪ್ರಕರಣವನ್ನು ಸೇರಿಸಿ ಒಂದು ವರದಿಯನ್ನೂ ಕಳಿಸಿದೆ. ಅದರಲ್ಲಿ ವಕೀಲರೊಬ್ಬರ ಮಾತಿತ್ತು, ನಾಗಣ್ಣನ ಮಾತಿತ್ತು. ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ ಎಂಬ ವೈದ್ಯರ ಮಾತು ಕೊನೆಯ ಪ್ಯಾರಾದಲ್ಲಿತ್ತು. ಆ ದಿನ ಪುಟದಲ್ಲಿ ಜಾಗ ಸಾಲದೆ ಡೆಸ್ಕಿನವರು ವಾಡಿಕೆಯಂತೆ ಕೆಳಗಿನಿಂದ ಕತ್ತರಿಸಿದರು. ವೈದ್ಯರು ಹೋದರು. ಅಚ್ಚಾದ ವರದಿಯಲ್ಲಿ ಒಂದು ವಾಕ್ಯವೂ ಸುಳ್ಳಿರಲಿಲ್ಲ. ಆದ್ದರಿಂದ ಮುಂದೆಯೂ ತಿದ್ದುಪಡಿ ಹಾಕುವ ಪ್ರಶ್ನೆ ಏಳಲಿಲ್ಲ.

ನಾಲ್ಕೈದು ದಿನಕ್ಕೆ ವಿಡಿಯೊ ಮರಳಿ ಬಂತು. ‘ಇದನ್ನು ತಡೆದಿದ್ದರು, ಪತ್ರಿಕೆಯಲ್ಲೂ ಬಂದಿದೆ, ನೋಡಿ’ ಎಂಬ ಸಾಲಿನ ಜೊತೆ ಜನ ಹಂಚಿದರು. ಮೊದಲ ಸಲ ನೋಡದವರೂ ಈ ಸಲ ನೋಡಿದರು.

ನಾಗಣ್ಣನ ತಂಗಿ ಲಕ್ಷ್ಮೀದೇವಿ ಕಲ್ಯಾಣದುರ್ಗದಲ್ಲಿದ್ದರು. ಬಟ್ಟೆ ಹೊಲಿಯುತ್ತಿದ್ದರು. ಬಹಳ ವರ್ಷಗಳಿಂದ ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಆ ಪುಡಿಯನ್ನು ತರಿಸಿಕೊಂಡ ವಿಷಯವನ್ನು ಅಣ್ಣನಿಗೆ ಹೇಳಲಿಲ್ಲ. ಅಣ್ಣನೇ ಹೇಳಿದ್ದಲ್ಲವೇ ಎಂದುಕೊಂಡಿರಬೇಕು. ಒಂದು ಬೆಳಿಗ್ಗೆ ವಾಂತಿ ಶುರುವಾಯಿತು, ಉಸಿರು ಏದುಸಿರಾಯಿತು. ಊರಿನ ಆಸ್ಪತ್ರೆಯವರು ಅನಂತಪುರಕ್ಕೆ ಒಯ್ಯಿರಿ ಎಂದರು. ದಾರಿಯಲ್ಲಿ ಆಂಬುಲೆನ್ಸಿನಲ್ಲೇ ತೀರಿಕೊಂಡರು.

ಮೂರನೆಯ ದಿನ ನಾನು ಕಲ್ಯಾಣದುರ್ಗಕ್ಕೆ ಹೋದೆ. ಮನೆಯ ಮುಂದಿನ ಶಾಮಿಯಾನದಡಿ ನಾಗಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಲಕ್ಷ್ಮೀದೇವಿಯವರ ಗಂಡ ಮಲ್ಲೇಶಪ್ಪ ನೆಲದ ಮೇಲೆ ಕೂತಿದ್ದರು.

“ನಾನು ಕೇಳ್ದೆ ಬಾವಾ,” ಎಂದರು ಮಲ್ಲೇಶಪ್ಪ. “ಡಾಕ್ಟ್ರನ್ನ ಒಂದ್ ಮಾತು ಕೇಳೋಣ ಕಣೇ ಅಂದೆ. ನಮ್ಮಣ್ಣ ಸುಮ್ಸುಮ್ನೆ ಆರೋಗ್ಯ ಪ್ರಕಟಣೆ ಅಂತಾನಾ ಅಂದ್ಲು. ಅದು ಗೌರ್ಮೆಂಟಿಂದು, ಪೋಲಿಯೊ ಹನೀದು ಹಂಗೇ ಅಂತಾನೆ ಅಂದ್ಲು.”

ನಾಗಣ್ಣ ನೆಲ ನೋಡುತ್ತಿದ್ದರು.

“ನಿನ್ ತಪ್ಪೇನೈತೆ ಬಾವಾ. ನೀನು ಚೀಟೀಲಿ ಇದ್ದಿದ್ದು ಓದ್ದೆ.”

“ಹಂಗನ್ಬ್ಯಾಡ ಕಣಪ್ಪ ಮಲ್ಲೇಶೂ. ಬಯ್ಯಿ ನನ್ನ. ಎರಡೇಟು ಹೊಡಿ.”

ಮಲ್ಲೇಶಪ್ಪ ಬಯ್ಯಲಿಲ್ಲ. ಊಟಕ್ಕೆ ಏಳು ಎಂದರು.

ಹಿಂದೂಪುರಕ್ಕೆ ಮರಳಿದ ವಾರದಲ್ಲಿ ನಾಗಣ್ಣ ನನ್ನನ್ನು ಆಟೋದ ಹತ್ತಿರ ಕರೆದರು. ತಂತಿಯಿಂದ ಆ ಚೀಟಿಯನ್ನು ಬಿಡಿಸಿ ಕೈಗಿಟ್ಟರು. “ಮೇಲಿಂದ ಓದ್ರಿ.” ಓದಿದೆ. ಪುಡಿಯ ಹೆಸರಿನಿಂದ ಶುರುವಾಗುತ್ತಿತ್ತು.

“ಆರೋಗ್ಯ ಪ್ರಕಟಣೆ ಅಂತ ಎಲ್ಲೈತೆ?”

“ಇಲ್ಲ.”

“ಇಲ್ಲ. ಒಂದಕ್ಸರ ಸೇರ್ಸಲ್ಲ ಅಂತಿದ್ದೆ. ಅದು ನಾನೇ ಸೇರ್ಸಿದ್ದು ಸಾರ್. ಮೈಗೆ ಸಂಬಂಧ ಪಟ್ಟಿದ್ದಲ್ವಾ ಅಂತ ಅಭ್ಯಾಸದ ಮೇಲೆ ಅಂದ್ಬುಟ್ಟೆ. ನಮ್ ಲಕ್ಷ್ಮಿ ಪುಡಿ ನಂಬ್ಲಿಲ್ಲ. ಆ ಎರಡು ಮಾತು ನಂಬಿದ್ಲು.”

ಕತ್ತರಿಸಿದ ಪ್ಯಾರಾದ ವಿಷಯವನ್ನು ಅವರಿಗೆ ಹೇಳಿದೆ. ತಲೆ ಆಡಿಸಿದರು.

ತಮ್ಮ ಪುಟದಿಂದ ವಿಡಿಯೊ ಅಳಿಸಿದರು. ಅಷ್ಟರಲ್ಲಿ ಅದು ಬೇರೆಯವರ ಪುಟಗಳಿಗೆ ಏರಿತ್ತು, ಮೊಬೈಲ್ ಗುಂಪುಗಳಿಗೆ ಇಳಿದಿತ್ತು. ಈಗ ಅದನ್ನು ತೆಗೆಯಿರಿ ಎಂದು ಅವರ ಹೆಸರಿನಲ್ಲಿ ನಾನು ಮತ್ತೆ ಜಾಲತಾಣಕ್ಕೆ ಬರೆದೆ. ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ ಎಂದು ಉತ್ತರ ಬಂತು. ಹಿಂದೆ ಮೇಲ್ಮನವಿಯಲ್ಲಿ ನಾನು ವಾದಿಸಿದ್ದೂ ಅದನ್ನೇ.

ಆಮೇಲೆ ನಾಗಣ್ಣ ಆಟೋ ಹತ್ತಿದರು. ಯಾರ ಚೀಟಿಯೂ ಇಲ್ಲದೆ, ಮೊದಲ ಸಲ ತಮ್ಮ ಮಾತನ್ನು ತಾವೇ ಹೇಳುತ್ತಾ ಊರೂರು ಸುತ್ತಿದರು. “ಮಹಾಜನಗಳೇ, ನಾನು ಓದಿದ್ದು ತಪ್ಪು. ಇನ್ಸುಲಿನ್ ಬುಡಬ್ಯಾಡ್ರಿ. ಬುಟ್ಟಿದ್ರೆ ಇವತ್ತೇ ಆಸ್ಪತ್ರೆಗೆ ಹೋಗ್ರಿ.” ಸೋಮಂದೇಪಲ್ಲಿಯಲ್ಲಿ ಜನ ಸುಮ್ಮನೆ ಕೇಳಿದರು. ರೊದ್ದಂನ ಟೀ ಅಂಗಡಿಯ ಮುಂದೆ ನಾನೂ ಇದ್ದೆ. ಬೈಕಿನ ಮೇಲೆ ಕೂತಿದ್ದವನೊಬ್ಬ ಕೇಳಿದ:

“ಈ ಚೀಟಿ ಯಾವ ಆಸ್ಪತ್ರೆಯೋರು ಬರ್ಕೊಟ್ರು ನಾಗಣ್ಣಾ?”

“ಯಾರೂ ಕೊಟ್ಟಿಲ್ಲ ಕಣಪ್ಪ. ನನ್ ಮಾತೇ.”

“ನಿನ್ ಮಾತಾ? ನೀನ್ಯಾವತ್ತು ನಿನ್ ಮಾತ್ ಆಡಿದ್ದೀಯ?”

ಅಂಗಡಿಯ ಮುಂದೆ ಇದ್ದವರೆಲ್ಲ ನಕ್ಕರು. ಅವನು ಕೆಟ್ಟವನಲ್ಲ. ಊರಿಗೆಲ್ಲ ಗೊತ್ತಿದ್ದದ್ದನ್ನು ಹೇಳಿದ. ‘ಮೊದಲಿನ ವಿಡಿಯೊವನ್ನು ತಡೆದಿದ್ದರು, ಈಗ ನಾಗಣ್ಣನನ್ನು ಹೆದರಿಸಿದ್ದಾರೆ, ಅಂದ ಮೇಲೆ ಪುಡಿಯಲ್ಲಿ ಏನೋ ಇದೆ.’ ಸುತ್ತಲ ಹಳ್ಳಿಗಳು ಲೆಕ್ಕ ಹಾಕಿದ್ದು ಹೀಗೆ.

ನಾಗಣ್ಣ ಈಗಿಲ್ಲ. ಹೋದ ಬೇಸಿಗೆಯಲ್ಲಿ ಹಿಂದೂಪುರದ ಮನೆಯಲ್ಲಿ ಎದೆನೋವಿನಿಂದ ತೀರಿಕೊಂಡರು. ನಾನು ಬೇರೆ ಊರಿಗೆ ವರ್ಗವಾಗಿದ್ದೆ, ಸುದ್ದಿ ತಿಳಿದದ್ದು ತಡವಾಗಿ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಬ್ರಹ್ಮಸಮುದ್ರದಲ್ಲಿ.

ಅಂದು ಅವರ ಈ ಸುತ್ತಾಟದ ಬಗ್ಗೆ ವರದಿ ಮಾಡಲೆಂದು ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಮೂರು ಬೀದಿಗಳಲ್ಲಿ ಹೇಳಿ ಮುಗಿಸಿ ನಾಗಣ್ಣ ಆಟೋ ನಿಲ್ಲಿಸಿದ್ದರು. ಪಕ್ಕದ ಮನೆಯ ಜಗುಲಿಯಲ್ಲಿ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಬಟ್ಟೆ ಸುತ್ತಿತ್ತು.

“ನೀನೇನಪ್ಪಾ ಆ ಪುಡಿ ಹೇಳ್ದೋನು?”

“ಹೂಂ ಅವ್ವಾ. ನೀನು ತಗೋತಿದ್ದೀಯಾ?”

“ತಗೋತಿವ್ನಿ. ಸೂಜಿ ಚುಚ್ಕಳೋದು ತಪ್ತು, ಪುಣ್ಯ ಬರ್ಲಿ ನಿಂಗೆ.”

ನಾಗಣ್ಣ ಮೈಕ್ ಆರಿಸಿ ಜಗುಲಿಯ ಅಂಚಿನಲ್ಲಿ ಕೂತರು. “ಅದು ತಿನ್ಬ್ಯಾಡವ್ವಾ. ಸೂಜಿ ಬುಟ್ರೆ ಸಾಯ್ತಾರೆ. ನನ್ ತಂಗಿ ಸತ್ಲು. ಒಡಹುಟ್ದೋಳು.”

ಮುದುಕಿ ಅವರ ಮುಖವನ್ನೇ ನೋಡಿದಳು. “ಅಯ್ಯೋ ನನ್ನಪ್ಪಾ” ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಕಣ್ಣೀರು ನಿಜವಾಗಿತ್ತು.

“ಎಷ್ಟು ದಿನ ತಗೊಂಡಿದ್ಲಪ್ಪಾ ಪುಡಿಯ?”

“ಮೂರು ವಾರ.”

“ಅದ್ಕೇ ಕಣಪ್ಪ. ನಲ್ವತ್ತೊಂದು ದಿನ ಬುಡ್ದಂಗೆ ತಗೋಬೇಕು ಅಂತ ನೀನೇ ಹೇಳಿದ್ಯಲ್ಲ. ನಂದಿನ್ನೂ ಹನ್ನೊಂದು ದಿನ ಐತೆ.”

ನಾಗಣ್ಣ, “ಸೂಜಿ ಔಷ್ದಿ ಮನೇಲೈತಾ?” ಎಂದರು. ಇದೆ ಎಂದಳು. “ತಗೊಂಡ್ ಬಾರವ್ವಾ. ನನ್ ಕಣ್ಮುಂದೆ ಒಂದ್ಸಲ ಚುಚ್ಕೋ. ಆಮೇಲೆ ನನ್ ಆಟೋದಲ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಯ್ತೀನಿ.” ಮುದುಕಿ ಕಂಬ ಹಿಡಿದು ಎದ್ದು ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು.

ಅವರು ಎದ್ದು ಕದ ತಟ್ಟಿದರು. ಕರೆದರು. ಮತ್ತೆ ಬಂದು ಕೂತರು. “ನೀವು ಹೊರಡ್ರಿ ಸಾರ್, ಬಸ್ ಹೋಯ್ತದೆ. ಅವ್ವ ಬರ್ಲಿ, ನಾನಿರ್ತೀನಿ.”

ಕಲ್ಯಾಣದುರ್ಗದ ಬಸ್ಸು ಬಂತು. ಸಂಜೆಯೊಳಗೆ ಸುದ್ದಿ ಕಳಿಸಬೇಕಿತ್ತು, ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವರು ಮುಚ್ಚಿದ ಕದದ ಕಡೆ ಮುಖ ಮಾಡಿ ಕೂತಿದ್ದರು.