ಎದೆಲ್ಮೀರಾಳ ಗಂಟಲು

ಪಿನಾರ್ ದೆಲ್ ರಿಯೋ ಊರಿನ ಹಳೆಯ ಸಿಗಾರ್ ಕಾರ್ಖಾನೆಯಲ್ಲಿ ಎಲೆ ಸುತ್ತುವವರಿಗೆ ಕೈತುಂಬ ಕೆಲಸ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳನ್ನು ತುಂಬಿಸುವುದೇ ಎದೆಲ್ಮೀರಾಳ ಉದ್ಯೋಗ. ಹಜಾರದ ಒಂದು ತುದಿಯಲ್ಲಿ ಎತ್ತರದ ಕಟ್ಟೆ, ಅದರ ಮೇಲೆ ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ ನೀರು. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಅವಳು ಓದುತ್ತಾಳೆ, ಕೆಳಗೆ ಸಾಲುಸಾಲಾಗಿ ಕೂತವರು ಎಲೆ ಸುತ್ತುತ್ತ ಕೇಳುತ್ತಾರೆ. ಹಿಡಿಸಿತೋ, ಎಲೆ ಕತ್ತರಿಸುವ ಬಾಗಿದ ಅಲಗನ್ನು ಹಲಗೆಯ ಮೇಲೆ ಟಕಟಕ ಬಡಿಯುತ್ತಾರೆ. ಹಿಡಿಸಲಿಲ್ಲವೋ, ಅದೇ ಅಲಗನ್ನು ನೆಲಕ್ಕೆ ಬೀಳಿಸುತ್ತಾರೆ. ಕಟ್ಟೆಗೆ ಯಾರನ್ನು ಹತ್ತಿಸಬೇಕು, ಯಾರನ್ನು ಇಳಿಸಬೇಕು ಎನ್ನುವುದನ್ನೂ ತೀರ್ಮಾನಿಸುವುದು ಈ ಅಲಗುಗಳೇ. ಮ್ಯಾನೇಜರು ಬರೀ ಸಹಿ ಹಾಕುವವನು.

ಇದಕ್ಕೆ ಮೊದಲು ಎದೆಲ್ಮೀರಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಯಾವ ಊರು, ಯಾವ ನಂಬರು ಎಂದು ಕೇಳಿ ತಂತಿ ಸಿಕ್ಕಿಸುವ ಕೆಲಸ. ಒಂದು ದಿನ ಬೀರುವಿನಷ್ಟು ಎತ್ತರದ ಯಂತ್ರ ಬಂತು, ಹುಡುಗಿಯರೆಲ್ಲ ಮನೆಗೆ ಹೋದರು. ಉಳಿದವರು ಆ ಯಂತ್ರಕ್ಕೆ ಹಿಡಿಶಾಪ ಹಾಕಿದರೆ ಇವಳು ಎಂಜಿನಿಯರನ್ನು ನಿಲ್ಲಿಸಿಕೊಂಡು ಅದು ಹೇಗೆ ನಡೆಯುತ್ತದೆಂದು ಕೇಳಿ ತಿಳಿದುಕೊಂಡು ಬಂದಳು. ತನ್ನ ಅನ್ನ ಕಿತ್ತುಕೊಂಡದ್ದನ್ನು ಅಷ್ಟು ಅಕ್ಕರೆಯಿಂದ ವಿವರಿಸುವ ಹೆಂಗಸು ನಮ್ಮೂರಲ್ಲಿ ಇನ್ನೊಬ್ಬಳಿಲ್ಲ.

ಹಾಗಾಗಿ ಪತ್ರಿಕೆಯಲ್ಲಿ ಅವಳಿಗೆ ಅತಿ ಪ್ರೀತಿಯ ಪುಟ ತಂತ್ರಜ್ಞಾನದ್ದು. ಇಂಟರ್ನೆಟ್ಟಿನ ವ್ಯಾಪಾರ, ಹೊಸ ಯಂತ್ರಗಳು, ಕೋಟಿಗಟ್ಟಲೆ ಬೆಲೆಯ ಕಂಪನಿಗಳು. ಆ ಪುಟವನ್ನು ಅವಳು ಚರ್ಚಿನಲ್ಲಿ ಓದುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಪ್ರತಿ ಅಕ್ಷರಕ್ಕೂ ಮರ್ಯಾದೆ ಕೊಟ್ಟು ಓದುತ್ತಿದ್ದಳು. ಹಜಾರ ಮಾತ್ರ ಅದನ್ನು ಹಾಸ್ಯದ ಪುಟವೆಂದೇ ತಿಳಿದಿತ್ತು.

ಇದಕ್ಕೆಲ್ಲ ಮೂಲಪುರುಷ ಒಬ್ದೂಲಿಯೋ. ಮೊದಲ ಸಾಲಿನಲ್ಲಿ ಕೂರುವ, ಮೀಸೆ ಪೂರ್ತಿ ಬೆಳ್ಳಗಾದ ಮುದುಕ. ತನ್ನದೆಂದು ಒಂದು ಕಾರೂ ಇಲ್ಲದ ಟ್ಯಾಕ್ಸಿ ಕಂಪನಿ ಕೋಟ್ಯಂತರ ಬೆಲೆ ಬಾಳುತ್ತದೆ ಎಂದು ಅವಳು ಓದಿದ ದಿನ, ನನ್ನ ಭಾವನ ಹತ್ತಿರವೂ ಒಂದೂ ಕಾರಿಲ್ಲ, ಪಾಪ, ಇಷ್ಟು ವರ್ಷ ಅವನನ್ನು ಬಡವ ಅಂದುಕೊಂಡಿದ್ದೆವು ಎಂದ. ಹುಟ್ಟಿದಂದಿನಿಂದ ನಷ್ಟದಲ್ಲೇ ಇರುವ ಇನ್ನೊಂದು ಕಂಪನಿಗೆ ಹಣ ಹಾಕಲು ಜನ ಮುಗಿಬಿದ್ದಿದ್ದಾರೆಂಬ ಸುದ್ದಿಗೆ, ಅವನ ಪಕ್ಕದ ಮೇಜಿನ ಯಾಮಿಲೇ, ನಾನೂ ಹುಟ್ಟಿದಂದಿನಿಂದ ನಷ್ಟದಲ್ಲೇ ಇದ್ದೇನೆ, ನನ್ನ ಮನೆಬಾಗಿಲಿಗೆ ಯಾಕೆ ಯಾರೂ ಬಂದಿಲ್ಲ ಎಂದಳು. ಮೊಟ್ಟೆ ಮುಗಿದರೆ ಫ್ರಿಜ್ಜೇ ತರಿಸಿಕೊಳ್ಳುತ್ತದೆ ಎಂದು ಓದಿದಾಗಲಂತೂ ಒಬ್ದೂಲಿಯೋ ಎದ್ದೇ ನಿಂತ.

"ಎದೆಲ್ಮೀರಮ್ಮ, ಮೊಟ್ಟೆ ಎಲ್ಲಿ ಸಿಗತ್ತೆ ಅಂತ ಆ ಫ್ರಿಜ್ಜಿಗೆ ಗೊತ್ತಾ? ಹಾಗಿದ್ರೆ ಅದರ ಹಿಂದೇನೇ ನಾನೂ ಕ್ಯೂ ನಿಲ್ತೀನಿ."

ಆ ದಿನ ಅಲಗುಗಳ ಬಡಿತಕ್ಕೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಎದೆಲ್ಮೀರಾ ತುಟಿ ಬಿಗಿದು, ಪತ್ರಿಕೆಯ ಮೇಲೆ ಕಣ್ಣು ನೆಟ್ಟು, ಎಲ್ಲ ಅಡಗುವವರೆಗೆ ಕಾದಳು. ಅವಳಿಗೆ ಈ ನಗು ಎಂದೂ ಒಗ್ಗಲಿಲ್ಲ. ಜಗತ್ತು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಹೇಳಲು ಹೋದರೆ ಇವರಿಗೆ ಮೊಟ್ಟೆಯ ಚಿಂತೆ ಎಂದು ಮನೆಗೆ ಬಂದು ಗಂಡನ ಮುಂದೆ ಗೊಣಗುತ್ತಿದ್ದಳು. ಗಂಡ ನಿಕನೋರ್ ಸೈಕಲ್ ರಿಪೇರಿಯವನು. ನಗುತ್ತಾರೆ ಅಂದರೆ ಕೇಳಿಸಿಕೊಂಡರು ಅಂತ ಅರ್ಥ ಎಂದು ಅವನು ಟ್ಯೂಬಿಗೆ ತೇಪೆ ಹಾಕುತ್ತ ಹೇಳುತ್ತಿದ್ದ. ಅದು ಸಮಾಧಾನವೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ.

ಹೀಗಿರುವಾಗ ಗಂಟಲು ಕೈಕೊಟ್ಟಿತು. ಮೊದಲು ಮಧ್ಯಾಹ್ನದ ಕಾದಂಬರಿಯ ಹೊತ್ತಿಗೆ ಧ್ವನಿ ಒಡೆಯುತ್ತಿತ್ತು, ಆಮೇಲೆ ಬೆಳಗಿನ ಪತ್ರಿಕೆಗೇ ಒಡೆಯತೊಡಗಿತು. ಜೇನು, ನಿಂಬೆ, ಪಕ್ಕದ ಮನೆಯವಳ ಕಷಾಯ ಯಾವುದೂ ನಾಟಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ನೋಡಿ, ಧ್ವನಿತಂತುವಿನ ಮೇಲೆ ಗಂಟು ಇದೆ, ತೆಗೆಯಬೇಕು, ಆಮೇಲೆ ಕೆಲವು ತಿಂಗಳು ಒಂದೇ ಒಂದು ಮಾತೂ ಆಡಕೂಡದು ಎಂದಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದೇನೋ ಸರಿಯೇ. ಆದರೆ ಎದೆಲ್ಮೀರಾಳಿಗೆ ಸಂಬಳ ಬರುತ್ತಿದ್ದದ್ದು ಬೆಳ್ಳಿಯಿಂದ.

ಮ್ಯಾನೇಜರ್ ಫೆರ್ಮಿನ್ ಕೆಟ್ಟವನಲ್ಲ. ಹೊಸತೇನು ಕಂಡರೂ ಕಣ್ಣರಳಿಸುವ ವಯಸ್ಸು, ಅಷ್ಟೆ. ನೀವು ಹುಷಾರಾಗಿ ಬನ್ನಿ, ಅಲ್ಲಿಯವರೆಗೆ ಒಂದು ವ್ಯವಸ್ಥೆ ಮಾಡುತ್ತೇನೆ ಎಂದ. ಬರೆದದ್ದನ್ನು ತಾನೇ ಓದುವ ಒಂದು ಯಂತ್ರಧ್ವನಿಯನ್ನು ಕಂಪ್ಯೂಟರಿಗೆ ಹಾಕಿಸಿ, ಕಟ್ಟೆಯ ಮೇಲೆ ಅವಳ ಕುರ್ಚಿಯಲ್ಲೇ ಸ್ಪೀಕರ್ ಕೂರಿಸಿದ. ಅದು ಸ್ಪೇನ್ ದೇಶದ ಹೆಂಗಸಿನ ಧ್ವನಿ, ಪದಗಳನ್ನು ಹಲ್ಲಿನ ಸಂದಿಯಿಂದ ಸೋಸಿ ಕಳಿಸುವಂಥದ್ದು. ಹಜಾರ ಮೊದಲ ದಿನವೇ ಅದಕ್ಕೆ ಮಹಾರಾಣಿ ಎಂದು ಹೆಸರಿಟ್ಟಿತು.

ಗಂಟು ತೆಗೆಸಿಕೊಂಡು ಬಂದ ಎದೆಲ್ಮೀರಾ ಮನೆಯಲ್ಲಿ ಕೈಸನ್ನೆಯಲ್ಲಿ ಸಂಸಾರ ನಡೆಸಿದಳು. ಊಟದ ಹೊತ್ತಿಗೆ ಸುದ್ದಿ ಇಲ್ಲದ ಮನೆ ಹೀಗಿರುತ್ತದೆ ಎಂದು ನಿಕನೋರನಿಗೆ ಮದುವೆಯಾದ ಮೇಲೆ ಮೊದಲ ಸಲ ತಿಳಿಯಿತು. ಮೊದಲ ವಾರ ಸುಖಪಟ್ಟ. ಎರಡನೆಯ ವಾರ ಕಪ್ಪು ಹುರುಳಿಯ ಸಾರು ಬಡಿಸಿಕೊಳ್ಳುತ್ತ, ಆ ಫ್ರಿಜ್ಜು ಏನಾಯ್ತು ಅಂತ ಗೊತ್ತಾಯ್ತಾ ಎಂದು ತಾನೇ ಕೇಳಿದ. ಅವಳು ಉತ್ತರ ಹೇಳಲಾರದೆ ಎದ್ದುಹೋಗಿ ಹಿತ್ತಿಲಲ್ಲಿ ನಿಂತಳು.

ಕಾರ್ಖಾನೆಯ ಸಮಾಚಾರ ತರುತ್ತಿದ್ದವಳು ಯಾಮಿಲೇ. ಕರೆಂಟು ಹೋದರೆ ಮಹಾರಾಣಿ ಮಾತಿನ ಮಧ್ಯದಲ್ಲೇ ಪ್ರಾಣ ಬಿಡುತ್ತಾಳಂತೆ. ಬಂದಾಗ ಸತ್ತ ಜಾಗದಿಂದಲೇ ಎದ್ದು ಕೂರುತ್ತಾಳಂತೆ. ಎದೆಲ್ಮೀರಾಳಿಗೆ ನಗು ಬಂತು, ನಕ್ಕರೆ ಗಂಟಲು ನೋಯುತ್ತದೆಂದು ಬಾಯಿಗೆ ಸೆರಗಿನಂತೆ ಟವೆಲ್ಲು ಒತ್ತಿಕೊಂಡಳು. ಒಳಗೊಳಗೆ ಹೊಟ್ಟೆಕಿಚ್ಚೂ ಆಯಿತು. ತಾನಿಲ್ಲದೆಯೂ ಅಲ್ಲಿ ನಗು ನಡೆದಿದೆಯಲ್ಲ.

ಆದರೆ ಮುಂದಿನ ಸಲ ಬಂದಾಗ ಯಾಮಿಲೇ ನಗಿಸಲಿಲ್ಲ.

"ಒಬ್ದೂಲಿಯಣ್ಣ ಮಾತಾಡೋದೇ ಬಿಟ್ಬಿಟ್ಟಿದಾನೆ ಅಕ್ಕ. ಅವನು ಬಾಯಿ ತೆಗೆಯೋದ್ರೊಳಗೆ ಅದು ಮೂರು ಸುದ್ದಿ ಮುಂದೆ ಹೋಗಿರತ್ತೆ. ಯಾರಿಗೂ ಕಾಯಲ್ಲ ಅದು. ಈಗ ಎಲ್ಲಾ ತಲೆ ಬಗ್ಗಿಸ್ಕೊಂಡು ಸುತ್ತೋದೇ."

ತಲೆ ಬಗ್ಗಿಸಿಕೊಂಡು ಸುತ್ತಿದ್ದರಿಂದ ಸಿಗಾರುಗಳ ಸಂಖ್ಯೆ ಏರಿತ್ತು. ಫೆರ್ಮಿನ್ ಬಹಳ ಸಂತೋಷವಾಗಿದ್ದಾನೆ ಎಂದೂ ಯಾಮಿಲೇ ಹೇಳಿದಳು. ಎದೆಲ್ಮೀರಾಳಿಗೆ ಎಕ್ಸ್‌ಚೇಂಜಿನ ಆ ಬೀರುವಿನಂಥ ಯಂತ್ರ ನೆನಪಾಯಿತು. ಆಗ ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ, ಇನ್ನೊಂದು ಕೆಲಸ ಸಿಕ್ಕಿತು. ಈಗ ಎರಡನೆಯ ಸಲ ಮನೆಗೆ ಕಳಿಸಿದರೆ ಹೋಗಿ ಹತ್ತಲು ಬೇರೆ ಕಟ್ಟೆಯಿರಲಿಲ್ಲ.

ಬಾಯಿ ಕಟ್ಟಿದ ತಿಂಗಳುಗಳು ಮುಗಿದು ಮೊದಲ ಮಾತು ಆಡಿದಾಗ ಹೊರಬಂದದ್ದು ಅವಳ ಧ್ವನಿಯಲ್ಲ, ಎಣ್ಣೆ ಕಾಣದ ಬಾಗಿಲಿನ ಸದ್ದು. ಇಷ್ಟೇ ಬರುವುದು ಎಂದಳು ಡಾಕ್ಟರಮ್ಮ. ಎರಡು ವಾಕ್ಯ ಮಾತಾಡಬೇಕು, ನೀರು ಕುಡಿದು ಸುಮ್ಮನಿರಬೇಕು, ಮತ್ತೆ ಎರಡು ವಾಕ್ಯ. ಒಂದೇ ಸಮನೆ ಓದಿದರೆ ಇದೂ ಹೋದೀತು.

ಫೆರ್ಮಿನ್ ಅವಳನ್ನು ಕುರ್ಚಿ ಕೊಟ್ಟು ಕೂರಿಸಿ, ತಾನೇ ಕಾಫಿ ತಂದುಕೊಟ್ಟ. ಪೆಟ್ಟಿಗೆಗೆ ಚೀಟಿ ಅಂಟಿಸುವ ಕೋಣೆಯಲ್ಲಿ ತಂಪಿದೆ, ಕಿಟಕಿ ಇದೆ, ಯಾರೊಂದಿಗೂ ಮಾತಾಡುವ ತೊಂದರೆಯೇ ಇಲ್ಲ, ನಿಮ್ಮ ಆರೋಗ್ಯಕ್ಕೇ ಹೇಳುತ್ತಿದ್ದೇನೆ ಎಂದ. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಎದೆಲ್ಮೀರಾ ಕಾಫಿ ಕುಡಿದು ಲೋಟ ಕೆಳಗಿಟ್ಟಳು.

"ಪರೀಕ್ಷೆ ಇಡು ಮಗನೇ. ಹೊಸಬರಿಗೆ ಇಡೋ ಹಾಗೇನೇ. ಬೇಡ ಅಂತ ಅಲಗುಗಳು ಹೇಳಿದ್ರೆ ಚೀಟಿ ಅಂಟಿಸ್ತೀನಿ."

ಪರೀಕ್ಷೆಯ ನಿಯಮ ಸರಳ. ಕಾಫಿ ಗಾಡಿ ಬರುವವರೆಗೆ ಕಟ್ಟೆಯ ಮೇಲಿಂದ ಓದಬೇಕು. ನಡುವೆ ಧ್ವನಿ ಸೋತು ಓದು ನಿಂತರೆ ಅಲಗು ಬಡಿಯುವ ಮಾತೇ ಇಲ್ಲ, ಇಳಿದು ಬರಬೇಕು. ಕೇಳಿದ್ದೇನೋ ಆಯಿತು, ಆದರೆ ಎರಡೆರಡು ವಾಕ್ಯದ ಗಂಟಲಿನಲ್ಲಿ ಕಾಫಿಯವರೆಗೆ ಈಜುವುದು ಹೇಗೆಂದು ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಸ್ಪೀಕರ್ ಎತ್ತಿ ಕೆಳಗಿಟ್ಟಿದ್ದರು. ಯಾವುದನ್ನು ಓದುತ್ತೀರಿ ಎಂದು ಫೆರ್ಮಿನ್ ಕೇಳಿದ. ಹವಾಮಾನ ವರದಿ ಚಿಕ್ಕದಾಗಿದೆ ಎಂದೂ ಸೂಚಿಸಿದ. ಅವಳು ತನ್ನ ಪುಟವನ್ನೇ ತೆಗೆದುಕೊಂಡಳು. ಸೋಲುವುದಾದರೆ ತನಗೆ ಇಷ್ಟವಾದದ್ದನ್ನು ಓದಿಯೇ ಸೋಲುತ್ತೇನೆ ಎಂಬ ಹಟ.

ಮೊದಲ ಸುದ್ದಿ ದಿಂಬಿನದು. ರಾತ್ರಿ ನಿದ್ದೆ ಎಂಥದ್ದಾಯಿತು ಎಂದು ಬೆಳಿಗ್ಗೆ ಎದ್ದಾಗ ತಿಳಿಸುವ ದಿಂಬನ್ನು ಒಂದು ಕಂಪನಿ ಮಾರಾಟಕ್ಕಿಟ್ಟಿದೆ. ತಿಂಗಳು ತಿಂಗಳು ಹಣ ಕಟ್ಟದಿದ್ದರೆ ದಿಂಬು ಏನೂ ಹೇಳುವುದಿಲ್ಲ. ಅಷ್ಟಕ್ಕೇ ಗಂಟಲು ಕಚ್ಚಿಕೊಂಡಿತು. ನೀರಿನ ಲೋಟಕ್ಕೆ ಕೈ ಹಾಕಿದಳು.

ಹಜಾರ ಮೌನವಾಗಿತ್ತು. ಆ ಕೀರಲು ಧ್ವನಿ ಕೇಳಿ ಎಲ್ಲರ ಮುಖ ಸಣ್ಣದಾಗಿತ್ತು. ಮರ್ಯಾದೆಗೆಂದೇ ಯಾರೂ ಉಸಿರೆತ್ತಲಿಲ್ಲ. ಇಷ್ಟು ವರ್ಷ ಅವಳು ಬೇಡಿದ್ದ ಮೌನ ಅದೇ. ಬೇಡದ ಹೊತ್ತಿನಲ್ಲಿ ಪೂರ್ತಿಯಾಗಿ ಸಿಕ್ಕಿತ್ತು. ಫೆರ್ಮಿನ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಎದೆಲ್ಮೀರಾ ಲೋಟದ ಮೇಲಿಂದ ಒಬ್ದೂಲಿಯೋನ ಕಡೆ ನೋಡಿದಳು. ಎಂದೂ ಹಾಗೆ ನೋಡಿರಲಿಲ್ಲ. ಆ ನೋಟದಲ್ಲಿ ಗದರಿಕೆಯಿರಲಿಲ್ಲ, ಬೇಡಿಕೆಯಿತ್ತು.

ಮುದುಕ ಮೀಸೆ ಒರೆಸಿಕೊಂಡ. ಮಾತಿನ ರೂಢಿ ತಪ್ಪಿದ್ದರಿಂದ ಒಂದು ಸಲ ಕೆಮ್ಮಿದ.

"ತಿಂಗಳಿಗೆ ದುಡ್ಡು ಕೊಟ್ರೆ ಸುಮ್ನಿರೋ ದಿಂಬು ಇದ್ರೆ ಹೇಳು ಎದೆಲ್ಮೀರಮ್ಮ. ನಾನು ಹೆಂಗೆ ಮಲಗಿದ್ದೆ ಅಂತ ನಮ್ಮನೆಯವಳು ಪುಕ್ಕಟೆಯಾಗಿ ಇಡೀ ಬೀದಿಗೇ ಹೇಳ್ತಾಳೆ."

ಮೊದಲು ಒಬ್ಬರು ನಕ್ಕರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಎದೆಲ್ಮೀರಾ ಎರಡು ಗುಟುಕು ನೀರು ಕುಡಿದಳು, ಗಂಟಲು ಸಡಿಲವಾಯಿತು. ಎರಡನೆಯ ಸುದ್ದಿ: ಒಂದು ಕಂಪನಿ ಕೆಲಸದವರನ್ನೆಲ್ಲ ತೆಗೆದು ಯಂತ್ರ ಇಟ್ಟುಕೊಂಡಿತು, ಯಂತ್ರ ತಪ್ಪು ಮಾಡುತ್ತದೆಂದು ಈಗ ಅದನ್ನು ಕಾಯಲು ಮತ್ತೆ ಜನರನ್ನು ಕರೆಯುತ್ತಿದೆ. ಅಂದರೆ ಯಂತ್ರಕ್ಕೂ ಒಬ್ಬ ಅತ್ತೆ ಬೇಕಾಯಿತು ಎಂದಳು ಯಾಮಿಲೇ. ಹಿಂದಿನ ಸಾಲಿನವನು ತನ್ನ ಅತ್ತೆಯ ಕಥೆ ತೆಗೆದ, ಅವನ ಪಕ್ಕದವಳು ಅದನ್ನು ತಿದ್ದಿದಳು. ಆ ಕಥೆಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಹಜಾರ ಮಾತಾಡುತ್ತಿರುವಷ್ಟು ಹೊತ್ತು ಓದು ನಿಂತ ಲೆಕ್ಕವಲ್ಲ, ಅವಳ ಲೋಟ ಮೇಜಿಗೆ ಬರುವವರೆಗೆ ಎಳೆಯುತ್ತಿದ್ದಾರೆ, ಅಷ್ಟೆ. ಅದು ಅರ್ಥವಾದಾಗ ಎದೆಲ್ಮೀರಾಳ ಕಣ್ಣು ಮಂಜಾಯಿತು. ತನ್ನ ಓದಿಗೆ ಅಡ್ಡ ಬರುತ್ತದೆಂದು ಇಷ್ಟು ಕಾಲ ಶಪಿಸಿದ್ದ ನಗುವೇ ಈಗ ಅವಳನ್ನು ಸುದ್ದಿಯಿಂದ ಸುದ್ದಿಗೆ ದಾಟಿಸುತ್ತಿತ್ತು. ನಿಲ್ಲುವುದು ಗೊತ್ತಿಲ್ಲದ ಮಹಾರಾಣಿಗೆ ಈ ಜನ ಬೇಡವಾಗಿದ್ದರು. ಎದೆಲ್ಮೀರಾಳಿಗೆ ಬೇಕಾಗಿದ್ದರು.

ಆಮೇಲಿನದು ಧ್ವನಿಯ ವ್ಯಾಪಾರ. ಒಂದು ಕಂಪನಿ ಜನರ ಧ್ವನಿಯನ್ನು ಹಣ ಕೊಟ್ಟು ಕೊಳ್ಳುತ್ತಿದೆ ಎಂದು ಅವಳು ಓದಿದಳು. ಕೊಂಡ ಮೇಲೆ ಆ ಧ್ವನಿ ಯಾವ ಭಾಷೆಯಲ್ಲಾದರೂ ಮಾತಾಡುತ್ತದೆ, ಎಂದೂ ದಣಿಯುವುದಿಲ್ಲ.

ಒಬ್ದೂಲಿಯೋ ಅಲಗು ಎತ್ತಿದವನು ಎತ್ತಿದಂತೆಯೇ ಕೇಳಿದ. "ನಿನ್ನ ಈ ಗಂಟಲಿಗೆ ಎಷ್ಟು ಕೊಟ್ಟಾರು ಎದೆಲ್ಮೀರಮ್ಮ?"

ಕಟ್ಟೆಯ ಮೇಲಿಂದ ಅವಳು ಯಾರಿಗೂ ಉತ್ತರ ಕೊಟ್ಟವಳಲ್ಲ. ಪತ್ರಿಕೆಯಲ್ಲಿ ಇಲ್ಲದ ಒಂದು ಪದವೂ ಅಲ್ಲಿಂದ ಬಿದ್ದಿರಲಿಲ್ಲ. ಅವಳು ಪುಟವನ್ನು ಮೇಜಿನ ಮೇಲಿಟ್ಟಳು.

"ಇದನ್ನ ಯಾರೂ ಕೊಳ್ಳಲ್ಲ ಒಬ್ದೂಲಿಯಣ್ಣ. ಅದಕ್ಕೇ ನಿಮ್ಮ ಪಾಲಿಗೆ ಉಳೀತು."

ಮುದುಕ ಎತ್ತಿ ಹಿಡಿದಿದ್ದ ಅಲಗನ್ನು ಹಲಗೆಗೆ ಒಮ್ಮೆ ಬಡಿದ. ಯಾಮಿಲೇ ಬಡಿದಳು. ಆಮೇಲೆ ಯಾರು ಯಾವಾಗ ಸೇರಿದರೋ ತಿಳಿಯಲಿಲ್ಲ, ಇಡೀ ಹಜಾರ ಬಡಿಯುತ್ತಿತ್ತು, ಬಡಿಯುತ್ತಲೇ ಇತ್ತು. ಫೆರ್ಮಿನ್ ಕಟ್ಟಿದ್ದ ಕೈ ಬಿಟ್ಟ. ಅವನ ಹಿಂದೆ ಕಾಫಿ ಗಾಡಿಯವಳು ಒಳಗೆ ಬರಲು ದಾರಿಗಾಗಿ ಕಾಯುತ್ತಿದ್ದಳು.

ಪುಟದಲ್ಲಿ ಇನ್ನೂ ಎರಡು ಸುದ್ದಿ ಉಳಿದಿದ್ದವು. ನಾಳೆ ಓದಿದರಾಯಿತೆಂದು ಎದೆಲ್ಮೀರಾ ಅದನ್ನು ಮಡಿಸಿಟ್ಟಳು.