ಚಿಗುರು ತೆಗೆಯುವ ಕೈ

ಕೈನಡುಕಕ್ಕೆ ಕೊಟ್ಟ ಹೊಸ ಮಾತ್ರೆ ಅಮ್ಮನಿಗೆ ಚೆನ್ನಾಗಿ ಹಿಡಿಸಿದೆ ಎಂದೇ ನಾವು ನಂಬಿದ್ದೆವು. ಲೋಟ ಹಿಡಿಯಲಾಗದಿದ್ದವರು ಬಾಳೂರಿನ ನಮ್ಮ ತೋಟದಲ್ಲಿ ಬೆಳಿಗ್ಗೆಯೇ ಕಾಫಿ ಗಿಡಗಳ ಬೇಡದ ಚಿಗುರು ತೆಗೆಯಲು ಇಳಿಯುತ್ತಿದ್ದರು. ನಮ್ಮ ಕಡೆ ಚಿಗುರು ತೆಗೆಯುವವರಿಗೆ ಯಾರೂ ಸಾಕು, ನಿಲ್ಲಿಸಿ ಅನ್ನುವುದಿಲ್ಲ. ಎಷ್ಟು ತೆಗೆದರೂ ಮುಗಿಯದ ಕೆಲಸ ಅದು. "ಅಮ್ಮಾವ್ರ ಕೈ ಈಗ ನಮಗಿಂತ ಚುರುಕು" ಎಂದು ತೋಟದ ಮೇಸ್ತ್ರಿ ನಕ್ಕಾಗ ನಮಗೆಲ್ಲ ಹೆಮ್ಮೆ.

ಕ್ರಮೇಣ ಅಮ್ಮ ಊಟಕ್ಕೆ ಕರೆದರೂ ಬಾರದಾದರು. ಚಿಗುರು ಮುಗಿದ ಗಿಡದಲ್ಲಿ ಕಾಯಿ ಕಟ್ಟಿದ ರೆಂಬೆಗಳನ್ನೂ ಮುರಿಯತೊಡಗಿದರು. ಅಪ್ಪ ರೇಗಿದರು.

"ಕಾಯಿ ಇರೋದು ಕಾಣಲ್ವೇನೇ? ಇದೇನು ಹಠ!"

"ಕಾಣ್ತದೆ ರೀ. ನಿಲ್ಲಿಸಕ್ಕೆ ಆಗ್ತಿಲ್ಲ."

ಅಂದು ಸಂಜೆ ಅಮ್ಮ ನನ್ನನ್ನು ಕೇಳಿದರು: "ನಂಗೆ ತಲೆ ಕೆಡ್ತಾ ಇದ್ಯೇನೇ?"

ನಾನು ಮನಶ್ಶಾಸ್ತ್ರ ಓದಿದವಳು. ನಿರ್ಧರಿಸಿದೆವು ಎಂದು ನಮಗನ್ನಿಸುವ ಮೊದಲೇ ಮಿದುಳು ಕೆಲಸ ಶುರು ಮಾಡಿರುತ್ತದೆ, ಸ್ವಂತ ಇಚ್ಛೆ ಎಂಬುದೇ ಭ್ರಮೆ ಎಂದು ಕಾಲೇಜಿನ ಕ್ಯಾಂಟೀನಿನಲ್ಲಿ ವಾದಿಸಿ ಗೆದ್ದವಳು. ಆ ವಾದವನ್ನೆಲ್ಲ ಬಿಟ್ಟು, ಅಮ್ಮನ ಬೆರಳಿಗೆ ಹತ್ತಿದ ಚಿಗುರಿನ ಕಲೆ ತೊಳೆಯಲು ಬಿಸಿನೀರು ತಂದೆ.

ಮಾತ್ರೆಯ ಮೇಲೆ ಮೊದಲು ಅನುಮಾನ ಪಟ್ಟಿದ್ದು ನಾನೇ ಎಂದು ನನ್ನ ನೆನಪು. ಅಲ್ಲ, ತಾನೇ ಎನ್ನುತ್ತಾರೆ ಅಪ್ಪ. ನನ್ನ ದಿನಚರಿಯಲ್ಲಿ ಆ ವಾರ ಮಳೆಯ ಸುದ್ದಿ ಬಿಟ್ಟು ಬೇರೇನಿಲ್ಲ. ಯಾರೇ ಇರಲಿ, ಮೂವರೂ ಚಿಕ್ಕಮಗಳೂರಿಗೆ ಹೋದೆವು.

ನರರೋಗದ ಡಾಕ್ಟರಮ್ಮ ಎಲ್ಲ ಕೇಳಿಯೂ ಆಶ್ಚರ್ಯಪಡಲಿಲ್ಲ. "ಈ ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತೆ. ಹಿಡಿದ ಕೆಲಸ ಬಿಡೋಕಾಗಲ್ಲ. ನೀವಾಗೇ ನಿಲ್ಲಿಸ್ಬೇಡಿ, ನಾನು ನಿಧಾನಕ್ಕೆ ಕಡಿಮೆ ಮಾಡ್ತೀನಿ."

"ಹಂಗಾದ್ರೆ ಹುಚ್ಚಲ್ವಾ?"

"ಅಲ್ಲಮ್ಮ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನ ಕಡೆ ತಿರುಗಿದರು. "ಕೇಳಿಸ್ತಾ? ಹಠ ಅಂದ್ರಲ್ಲ, ಹಠ!"

ಮರಳುವಾಗ ಅಪ್ಪ ಮೂಡಿಗೆರೆಯಲ್ಲಿ ಜೀಪು ನಿಲ್ಲಿಸಿ ಅಮ್ಮನಿಗೆ ಎಳನೀರು ತಂದುಕೊಟ್ಟರು.

ಮಾತ್ರೆ ಕಡಿಮೆಯಾದಂತೆ ನಡುಕ ಸ್ವಲ್ಪ ಮರಳಿತು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಮೇಸ್ತ್ರಿ ಅಂಗಳದಿಂದಲೇ, "ಅಮ್ಮಾ, ತೋಟಕ್ಕೆ ಬರಲ್ವಾ?" ಎಂದರು.

"ಇಲ್ಲ ಮಾರಾಯ. ಇವತ್ತು ಮನಸ್ಸಿಲ್ಲ."

ಅಪ್ಪ ಪೇಪರಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ಇಬ್ಬರಿಗೂ ನಗು ಬಂತು. ಆ 'ಇಲ್ಲ'ವನ್ನೂ ಮಿದುಳು ಮೊದಲೇ ತೀರ್ಮಾನಿಸಿತ್ತೋ ಏನೋ, ನನಗೆ ಇನ್ನೂ ಗೊತ್ತಿಲ್ಲ. ಆದರೆ ಬಹಳ ದಿನಗಳ ಮೇಲೆ ನನ್ನ ಎದೆ ಹಗುರವಾಗಿತ್ತು.

ಮಧ್ಯಾಹ್ನದ ತನಕ ಅಮ್ಮ ಏನೂ ಮಾಡದೆ ಜಗಲಿಯಲ್ಲಿ ಕೂತಿದ್ದರು. ನಾವು ಯಾರೂ ಅಲ್ಲಿಂದ ಎಬ್ಬಿಸಲಿಲ್ಲ.