ಬಾಗಿಲು ಹಾಕುವ ಹಬ್ಬ

ವರ್ಷದಲ್ಲಿ ಒಂದು ದಿನ ಬಿಟ್ಟರೆ ರೆಬೆಕಾಬಾಯಿಯವರ ಮನೆಬಾಗಿಲನ್ನು ಹಗಲಲ್ಲಿ ಹಾಕಿದ್ದು ನಾನು ಕಂಡಿಲ್ಲ. ಬೆಕ್ಕು, ಕೋಳಿ, ಮೀನುಬುಟ್ಟಿ ಹೊತ್ತವರು, ಬಸುರಿಯರು, ಯಾರು ಬೇಕಾದರೂ ನುಗ್ಗಬಹುದಿತ್ತು. ಆ ಒಂದು ದಿನ ಮಾತ್ರ ಕಿಟಕಿಯೂ ಬಂದ್. ಬಿಳಿ ಸೀರೆಯುಟ್ಟು, ನೀರೂ ಕುಡಿಯದೆ ಒಳಗೆ ಕೂತು ವರ್ಷದ ತಪ್ಪಿಗೆಲ್ಲ ದೇವರಲ್ಲಿ ಕ್ಷಮೆ ಕೇಳುತ್ತಿದ್ದರು. ನಮ್ಮ ಕೇರಿಯವರು ಅದಕ್ಕೆ ‘ನರ್ಸಬಾಯಿಯ ಬಾಗಿಲು ಹಬ್ಬ’ ಎನ್ನುತ್ತಿದ್ದರು.

ಬಾಯಿ ಅಲಿಬಾಗ ಕಡೆಯ ಯಹೂದಿ. ಹೊನ್ನಾವರದ ಆಸ್ಪತ್ರೆಗೆ ನರ್ಸಾಗಿ ಬಂದವರು ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನನ್ನ ಅಮ್ಮನ ಹೆರಿಗೆ ಮಾಡಿಸಿದ್ದೂ ಅವರೇ. ಈ ಕಡೆ ಅವರ ಧರ್ಮದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವರ ಹಬ್ಬಗಳಿಗೆಲ್ಲ ನಾವೇ ಜನ. ಮಳೆಗಾಲದ ಒಂದು ಉಪವಾಸ ಮುಗಿದರೆ ಮೊಳಕೆ ಅವರೆಯ ಸಾರು, ಹರಕೆ ತೀರಿದರೆ ಕಾಯಿ-ಸಕ್ಕರೆ ಕಲಸಿದ ಅವಲಕ್ಕಿ. ಮರಾಠಿಯ ಧರ್ಮಗ್ರಂಥವನ್ನು ವಾರಕ್ಕೊಂದು ಭಾಗದಂತೆ ಓದುತ್ತಿದ್ದರು. ವರ್ಷಕ್ಕೆ ಮುಗಿಯುತ್ತಿತ್ತು. ಮುಗಿದ ದಿನವೇ ಮತ್ತೆ ಮೊದಲ ಪುಟ. ಒಂದು ದಿನ ಸುಧಾರಿಸಿಕೊಳ್ಳಬಾರದೇ ಎಂದು ಕೇಳಿದರೆ ನಕ್ಕುಬಿಡುತ್ತಿದ್ದರು.

ಬಾಗಿಲು ಹಬ್ಬವಾಗಿ ನಾಲ್ಕೈದು ದಿನಕ್ಕೆ ಬರುವ ಇನ್ನೊಂದು ಹಬ್ಬಕ್ಕೆ ಅವರ ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರ ಏಳಬೇಕು. ಮೊದಲ ಸಲ ಕಟ್ಟಿಕೊಟ್ಟವರು ನಮ್ಮಪ್ಪ. ಮೀನುಗಾರಿಕೆಯ ಜೊತೆ ಮಡಲು ಹೆಣೆಯುವುದರಲ್ಲೂ ಪಳಗಿದ ಕೈ. ಒಂದು ಹನಿ ಇಳಿಯದಂತೆ ಹೊದಿಸಿ ಬಾಯಿಯನ್ನು ಕರೆದರು. ಬಾಯಿ ಒಳಗೆ ಹೋಗಿ ಮೇಲೆ ನೋಡಿದರು.

“ಇಷ್ಟು ಗಟ್ಟಿ ಹೆಣೆದ್ರೆ ಎಂತ ಮಾಡೂದು ಗಣಪಣ್ಣ? ಕೂತಲ್ಲಿಂದ ಚುಕ್ಕಿ ಕಾಣ್ಬೇಕು.”

“ಸೋರೂ ಚಪ್ಪರ ಕಟ್ಟಿದ್ರೆ ನನ್ನ ಮಾನ ಹೋಗ್ತದೆ ಬಾಯಿ,” ಎಂದರು ಅಪ್ಪ. ಮುಖ ಊದಿಸಿಕೊಂಡೇ ಕೋಲಿನಿಂದ ಅಲ್ಲಲ್ಲಿ ತೂತು ಮಾಡಿದರು. ಮುಂದೆ ಪ್ರತಿ ವರ್ಷವೂ ಗಟ್ಟಿಯಾಗಿಯೇ ಹೆಣೆದರು, ಪ್ರತಿ ವರ್ಷವೂ ಬೈಸಿಕೊಂಡರು.

ಬಾಗಿಲು ಹಬ್ಬದಲ್ಲಿ ನನಗೂ ಒಂದು ಕೆಲಸವಿತ್ತು. ಸಂಜೆ ಆಕಾಶದಲ್ಲಿ ಮೂರು ಚುಕ್ಕಿ ಕಂಡ ಕೂಡಲೇ ಹೋಗಿ ಬಾಗಿಲು ತಟ್ಟುವುದು. ಆಗ ಉಪವಾಸ ಮುಗಿಯಿತು. ಬಾಗಿಲು ತೆಗೆದು ಬಾಯಿ ಮೊದಲ ಲೋಟ ದ್ರಾಕ್ಷಿ ಶರಬತ್ತು ನನಗೆ ಕೊಡುತ್ತಿದ್ದರು. ಮೋಡವಿದ್ದ ವರ್ಷ ಅವರೇ ಗಡಿಯಾರ ನೋಡಿ ತೆಗೆಯುತ್ತಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರಾದ ಮೇಲೂ ಈ ಕೆಲಸ ತಪ್ಪಲಿಲ್ಲ.

ಹೋದ ವರ್ಷ ಅವರ ಹೃದಯ ಸರಿ ಇರಲಿಲ್ಲ. ಡಾಕ್ಟರು ಉಪವಾಸ ಕೂಡದೆಂದಿದ್ದರು. ಕಾಯಿಲೆಯವರು ಉಣ್ಣಲೇಬೇಕೆಂದು ನಿಮ್ಮ ಧರ್ಮವೇ ಹೇಳುತ್ತದಲ್ಲ ಎಂದು ನಾನು ನೆನಪಿಸಿದೆ.

“ಅದು ಪೇಷಂಟಿಗೆ ತಂಗೀ. ನಾನು ನರ್ಸು,” ಎಂದರು ಬಾಯಿ. ಆಮೇಲೆ ಮೆಲ್ಲಗೆ, “ಚುಕ್ಕಿ ಕಂಡ್ಮೇಲೇ ತಟ್ಟು. ಅದಕ್ಕೂ ಮೊದ್ಲು ಬೇಡ. ಆತಾ?” ಎಂದರು.

ಆತು ಎಂದೆ.

ಹಬ್ಬದ ದಿನ ಮಧ್ಯಾಹ್ನ ಅವರ ಓದು ಗೋಡೆಯಾಚೆಯಿಂದ ಕೇಳಿಸಿತು. ದೇವರಿಂದ ತಪ್ಪಿಸಿಕೊಂಡು ಹಡಗು ಹತ್ತಿದವನನ್ನು ಮೀನು ನುಂಗುವ ಕಥೆ. ಅಷ್ಟು ದೊಡ್ಡ ಮೀನು ಯಾವ ಬಂದರದಲ್ಲಿ ಸಿಕ್ಕಿತೋ ಎಂದು ಅಪ್ಪ ಎಂದಿನಂತೆ ಗೊಣಗಿದರು. ಬಾಯಿಯ ದನಿ ಗಟ್ಟಿಯಾಗಿತ್ತು, ನಮಗೆ ಸಮಾಧಾನವಾಯಿತು. ಸಂಜೆ ಮೋಡ ಕವಿಯಿತು. ಚುಕ್ಕಿ ಇಲ್ಲ. ಅವರೇ ಬಾಗಿಲು ತೆಗೆಯುತ್ತಾರೆಂದು ಅಂಗಳದಲ್ಲಿ ನಿಂತೇ ಇದ್ದೆ. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಅಪ್ಪ ಹಿತ್ತಲ ಬಾಗಿಲು ಮೀಟಿ ಒಳಗೆ ಹೋದರು. ಬಾಯಿ ಕುರ್ಚಿಯಲ್ಲೇ ಇದ್ದರು, ತಣ್ಣಗಾಗಿದ್ದರು. ಮೇಜಿನ ಮೇಲೆ ಶರಬತ್ತಿನ ಲೋಟ ಮುಚ್ಚಿಟ್ಟಿತ್ತು.

ನನಗೆ ಅಳು ಬರಲಿಲ್ಲ. ಮರುದಿನ ಶಾಲೆಗೆ ಹೋದೆ, ಮಗ್ಗಿ ಹೇಳಿಸಿದೆ. ಠಾಣೆ ಶಹರದಿಂದ ಬಂದ ಅವರ ಅಣ್ಣನ ಮಗ ಹೆಣವನ್ನು ತಮ್ಮವರ ಸ್ಮಶಾನಕ್ಕೆ ಒಯ್ದ, ಮನೆಗೆ ಬೀಗ ಹಾಕಿದ. ಬೇಜಾರಾಯಿತೇ ಎಂದು ಕೇಳಿದವರಿಗೆಲ್ಲ ಹೌದು ಎಂದೆ. ಒಳಗೆ ಏನೂ ಆಗುತ್ತಿರಲಿಲ್ಲ.

ನಾಲ್ಕೈದು ದಿನ ಕಳೆದು ಸಂಜೆ ಮನೆಗೆ ಬಂದಾಗ ಬಾಯಿಯ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಮಡಲು ವಿರಳವಾಗಿ ಹೊದಿಸಿತ್ತು. ಅಪ್ಪ ಒಳಗೆ ಕೂತಿದ್ದರು. ನಾನೂ ಹೋಗಿ ಕೂತೆ. ಕತ್ತಲಾಗುತ್ತಾ ಮಡಲಿನ ಸಂದಿಯಲ್ಲಿ ಒಂದು ಚುಕ್ಕಿ ಕಂಡಿತು, ಆಮೇಲೆ ಇನ್ನೆರಡು.

ಎದ್ದು ಹೋಗಿ ಬಾಗಿಲು ತಟ್ಟಿದೆ. ಬೀಗ ಅಲುಗಾಡಿತು.